ಧನ, ಋಣ ಮತ್ತು ಹೋಮಿ ಭಾಭಾ

ಡಾಕ್ಟರ್ ಹೋಮಿ ಜಹಾಂಗೀರ್ ಭಾಭಾ ಅವರ ಹೆಸರನ್ನು ಕೇಳದವರು ನಮ್ಮ ದೇಶದಲ್ಲಿ ವಿರಳ. ಪರಮಾಣು ಶಕ್ತಿಯ ಮಾತು ಬಂದಾಗಲೆಲ್ಲ ಆ ಹೆಸರು ತಾನಾಗಿಯೇ ನಾಲಿಗೆಗೆ ಬರುತ್ತದೆ. ಚೆನ್ನೈಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗಂತೂ ಕಲ್ಪಾಕ್ಕಂ ನೆರೆಯೂರೇ ಸರಿ. ಮಕ್ಕಳನ್ನು ಮಹಾಬಲಿಪುರಕ್ಕೆ ಕರೆದೊಯ್ದವರು ಇನ್ನಷ್ಟು ದಕ್ಷಿಣಕ್ಕೆ ಹೋದರೆ ಆ ಊರು ಸಿಗುತ್ತದೆ. ಆದರೆ ಭಾಭಾ ಅವರ ಬಾಳಿನ ಎರಡು ಸಂಗತಿಗಳು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರವು. ಅವರ ಮನೆತನವು ಮೈಸೂರು ಸೀಮೆಯ ಅನ್ನವನ್ನು ಉಂಡ ಮನೆತನವೆಂಬುದು ಒಂದು. ರಿಯಾಕ್ಟರು, ಆಯೋಗ, ಅಧಿಕಾರ ಇವೆಲ್ಲ ಬರುವುದಕ್ಕೆ ಬಹಳ ಮುಂಚೆ, ಇಪ್ಪತ್ತಾರು ತುಂಬುವ ಹೊತ್ತಿಗೆ, ವಿದ್ಯುದಂಶವುಳ್ಳ ಎರಡು ಕಣಗಳು ಎದುರುಬದುರಾದಾಗ ಏನಾಗುತ್ತದೆಂಬುದರ ಲೆಕ್ಕವನ್ನು ಮಾಡಿ ಅವರು ಜಗತ್ತಿನ ದೊಡ್ಡ ವಿಜ್ಞಾನಿಗಳ ಸಾಲಿಗೆ ಸೇರಿದ್ದರೆಂಬುದು ಇನ್ನೊಂದು. ಈ ಲೇಖನದಲ್ಲಿ ಹೆಚ್ಚಾಗಿ ಇವೆರಡನ್ನೇ ಹೇಳಬೇಕೆಂದಿದ್ದೇನೆ. ಉಳಿದದ್ದನ್ನು ಪತ್ರಿಕೆಗಳು ಬೇಕಾದಷ್ಟು ಬರೆದಿವೆ.

ಹೋಮಿಯವರ ತಾತ ಡಾಕ್ಟರ್ ಹೊರ್ಮಸ್‌ಜಿ ಭಾಭಾ ಅವರು ಮೈಸೂರು ಸಂಸ್ಥಾನದ ವಿದ್ಯಾಭ್ಯಾಸ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು. ಮೊಮ್ಮಗನ ಹೆಸರು ತಾತನದೇ. ಪಾರಸಿ ಮನೆತನವೊಂದು ಹೊಟ್ಟೆಪಾಡಿಗಾಗಿ, ವಿದ್ಯೆಯ ಬಲದಿಂದ, ಪರಭಾಷೆಯ ನಾಡಿಗೆ ಬಂದು ಅಲ್ಲಿಯ ಮಕ್ಕಳ ಓದುಬರಹದ ಹೊಣೆ ಹೊತ್ತಿತೆಂಬುದನ್ನು ಕಂಡರೆ, ಊರು ಬಿಟ್ಟು ಬಂದಿರುವ ನಮ್ಮಂಥವರಿಗೆ ಒಂದು ಬಗೆಯ ಆಪ್ತತೆ ಉಂಟಾಗುವುದು ಸಹಜ. ಹೊರ್ಮಸ್‌ಜಿಯವರ ಮಗಳು ಮೆಹರ್‌ಬಾಯಿ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಓದಿ ಬೆಳೆದರು. ಮೈಸೂರಿಗೆ ಬಂದಿದ್ದ ಜಮ್‌ಷೇಟ್‌ಜಿ ಟಾಟಾ ಅವರು ಆ ಮನೆಯ ಹುಡುಗಿಯನ್ನು ಕಂಡು ಮೆಚ್ಚಿ ತಮ್ಮ ಹಿರಿಯ ಮಗ ದೊರಾಬ್‌ಜಿಗೆ ತಂದುಕೊಂಡರು. ೧೮೯೮ರಲ್ಲಿ ಮದುವೆ ನಡೆಯಿತು. ಹೀಗೆ ಟಾಟಾ ಮನೆತನಕ್ಕೂ ಭಾಭಾ ಮನೆತನಕ್ಕೂ ನಂಟು ಬೆಳೆದದ್ದು ನಮ್ಮ ಮೈಸೂರು ನೆಲದಲ್ಲಿ. ಅದೇ ಜಮ್‌ಷೇಟ್‌ಜಿಯವರ ಕನಸಾದ ವಿಜ್ಞಾನ ಮಂದಿರಕ್ಕೆ ಮೈಸೂರಿನ ಅರಮನೆಯು ಬೆಂಗಳೂರಿನಲ್ಲಿ ೩೭೧ ಎಕರೆ ನೆಲವನ್ನು ಕೊಟ್ಟಿತು. ಕನಸು ಕಂಡವರು ೧೯೦೪ರಲ್ಲಿಯೇ ತೀರಿಕೊಂಡರು. ಸಂಸ್ಥೆ ಸ್ಥಾಪನೆಯಾದದ್ದು ೧೯೦೯ರಲ್ಲಿ.

ಹೊರ್ಮಸ್‌ಜಿಯವರ ಮಗ ಜಹಾಂಗೀರ್ ಬೆಂಗಳೂರಿನಲ್ಲಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಓದಿ, ನ್ಯಾಯಶಾಸ್ತ್ರ ಕಲಿತು ಬಂದು ಮೈಸೂರಿನ ನ್ಯಾಯಾಂಗ ಶಾಖೆಯಲ್ಲಿಯೇ ಮೊದಲು ಉದ್ಯೋಗಕ್ಕೆ ಸೇರಿದರು. ಅವರ ಮಡದಿಯ ಹೆಸರೂ ಮೆಹರ್‌ಬಾಯಿಯೇ. ಓದುಗರು ಅತ್ತಿಗೆ ನಾದಿನಿಯರನ್ನು ಬೆರೆಸಿಕೊಳ್ಳಬಾರದು. ಮದುವೆಯ ನಂತರ ದಂಪತಿಗಳು ಮುಂಬಯಿಗೆ ಹೋದರು. ಅಲ್ಲಿ ೧೯೦೯ರ ಅಕ್ಟೋಬರ್ ೩೦ರಂದು ಹೋಮಿ ಜನಿಸಿದರು. ಬೆಂಗಳೂರಿನ ವಿಜ್ಞಾನ ಮಂದಿರಕ್ಕೂ ಈ ಮಗುವಿಗೂ ಒಂದೇ ವಯಸ್ಸು.

ಹೋಮಿಯವರ ಬಾಲ್ಯದಲ್ಲಿ ಕಷ್ಟವೆಂಬುದಿರಲಿಲ್ಲ. ತಂದೆಯ ಮನೆಯಲ್ಲಿ ದೊಡ್ಡ ಪುಸ್ತಕ ಭಂಡಾರವಿತ್ತು, ಪಾಶ್ಚಾತ್ಯ ಸಂಗೀತದ ಗ್ರಾಮಫೋನ್ ತಟ್ಟೆಗಳಿದ್ದವು. ಅತ್ತೆಯ ಮನೆಗೆ ಹೋದರೆ ದೊರಾಬ್‌ಜಿಯವರ ಊಟದ ಮೇಜಿನ ಸುತ್ತ ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು ಮುಂತಾದ ದೊಡ್ಡ ದೊಡ್ಡ ಮಾತುಗಳು ಕಿವಿಗೆ ಬೀಳುತ್ತಿದ್ದವು. ಕೂಸಾಗಿದ್ದಾಗ ನಿದ್ದೆ ಬಹಳ ಕಡಮೆಯೆಂದು ತಂದೆತಾಯಿಗಳು ಗಾಬರಿಗೊಂಡು ವೈದ್ಯರಿಗೆ ತೋರಿಸಿದರೆಂದೂ, ಮಗುವಿನ ಮಿದುಳು ಚುರುಕಾಗಿರುವುದೇ ಕಾರಣ, ಚಿಂತಿಸಬೇಡಿ ಎಂದು ಅವರು ಹೇಳಿ ಕಳಿಸಿದರೆಂದೂ ಹೇಳುತ್ತಾರೆ. ಹದಿನಾರು ತುಂಬುವ ವೇಳೆಗೆ ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತವನ್ನು ಓದಿಕೊಂಡಿದ್ದರು. ಚಿತ್ರ ಬರೆಯುವ ಕೈಯೂ ಇತ್ತು.

೧೯೨೭ರಲ್ಲಿ ಹುಡುಗನನ್ನು ಕೇಂಬ್ರಿಜ್ಜಿಗೆ ಕಳಿಸಿದರು, ಎಂಜಿನಿಯರಿಂಗ್ ಓದಲು. ತಂದೆಯ ಮನಸ್ಸಿನಲ್ಲಿಯೂ ಟಾಟಾ ಬಂಧುಗಳ ಮನಸ್ಸಿನಲ್ಲಿಯೂ ಇದ್ದದ್ದು ಒಂದೇ ಯೋಚನೆ: ಹುಡುಗ ಎಂಜಿನಿಯರಾಗಿ ಬಂದು ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ನಿಲ್ಲಲಿ. ಇಂಥ ಯೋಚನೆ ಇಲ್ಲದ ತಂದೆ ಯಾರಿದ್ದಾರೆ? ನಮ್ಮ ಸಂಘದ ಸಭಾಂಗಣದಲ್ಲಿ ನಾಲ್ಕು ಮಂದಿ ಹಿರಿಯರು ಸೇರಿದರೆ ಬರುವ ಮಾತೂ ಇದೇ ತಾನೆ! ಆದರೆ ಹೋಮಿಯವರಿಗೆ ಅಲ್ಲಿ ಬೇರೊಂದು ಗೀಳು ಹತ್ತಿತು. ಅದೇ ಕೇಂಬ್ರಿಜ್ಜಿನಲ್ಲಿ ಡಿರಾಕ್ ಎಂಬ ತರುಣ ಗಣಿತಜ್ಞರು ೧೯೨೮ರಲ್ಲಿ ಎಲೆಕ್ಟ್ರಾನಿನ ನಡೆಯನ್ನು ಹೇಳುವ ಹೊಸ ಸಮೀಕರಣವನ್ನು ಬರೆದಿದ್ದರು. ಹೋಮಿ ತಂದೆಗೆ ಕಾಗದ ಬರೆದು, ವ್ಯಾಪಾರವಾಗಲಿ ಎಂಜಿನಿಯರ್ ಕೆಲಸವಾಗಲಿ ತಮ್ಮ ಸ್ವಭಾವಕ್ಕೆ ಒಗ್ಗುವುದಿಲ್ಲವೆಂದೂ, ಭೌತಶಾಸ್ತ್ರವೇ ತಮ್ಮ ದಾರಿಯೆಂದೂ, ದೊಡ್ಡ ಹುದ್ದೆಯ ಆಸೆ ತಮಗಿಲ್ಲವೆಂದೂ ನಿಸ್ಸಂಕೋಚವಾಗಿ ತಿಳಿಸಿದರು. ಜಹಾಂಗೀರರು ವಕೀಲರಲ್ಲವೆ, ಒಂದು ಕರಾರು ಹಾಕಿದರು. ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ದರ್ಜೆ ತೆಗೆದುಕೊಂಡರೆ ಇನ್ನೂ ಎರಡು ವರ್ಷ ಗಣಿತ ಓದಲು ಹಣ ಕೊಡುವುದು. ೧೯೩೦ರಲ್ಲಿ ಮಗ ಮೊದಲ ದರ್ಜೆ ತೆಗೆದುಕೊಂಡ. ತಂದೆ ಮಾತು ಉಳಿಸಿಕೊಂಡರು. ೧೯೩೨ರಲ್ಲಿ ಗಣಿತದಲ್ಲಿಯೂ ಮೊದಲ ದರ್ಜೆಯೇ ಬಂತು. ಮಗನ ಹಟಕ್ಕಿಂತ ತಂದೆಯ ಈ ನಡತೆಯನ್ನೇ ನಾನು ಹೆಚ್ಚು ಮೆಚ್ಚುತ್ತೇನೆ.

ಇನ್ನು ವಿಷಯದ ತಿರುಳಿಗೆ ಬರೋಣ. ನಾನು ವಾಣಿಜ್ಯ ಓದಿ ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡುವವನು. ಆದ್ದರಿಂದ ಲೆಕ್ಕದ ಪುಸ್ತಕದ ಭಾಷೆಯಲ್ಲಿಯೇ ಹೇಳುತ್ತೇನೆ.

ಬಾಚಣಿಗೆಯನ್ನು ಒಣಗಿದ ಕೂದಲಿಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿದರೆ ಅವು ಹಾರಿ ಅಂಟಿಕೊಳ್ಳುತ್ತವೆ. ಚೆನ್ನೈಯ ತೇವದ ಗಾಳಿಯಲ್ಲಿ ಈ ಆಟ ಅಷ್ಟಾಗಿ ನಡೆಯುವುದಿಲ್ಲ, ಏಕೆಂದರೆ ವಸ್ತುಗಳ ಮೇಲೆ ಕೂಡುವ ತೇವದ ಪೊರೆಯ ಮೂಲಕ ವಿದ್ಯುದಂಶವು ಸೋರಿಹೋಗುತ್ತದೆ. ಮಕ್ಕಳು ರಜಕ್ಕೆ ಮೈಸೂರಿಗೋ ತುಮಕೂರಿಗೋ ಅಜ್ಜಿಯ ಮನೆಗೆ ಹೋದಾಗ ಚಳಿಗಾಲದ ಒಣ ಹವೆಯಲ್ಲಿ ಮಾಡಿ ನೋಡಲಿ. ಉಜ್ಜುವಾಗ ಒಂದರಿಂದ ಇನ್ನೊಂದಕ್ಕೆ ಎಲೆಕ್ಟ್ರಾನುಗಳು ವರ್ಗವಾಗುತ್ತವೆ. ಕಳೆದುಕೊಂಡದ್ದರಲ್ಲಿ ಧನ ವಿದ್ಯುದಂಶ, ಪಡೆದುಕೊಂಡದ್ದರಲ್ಲಿ ಋಣ ವಿದ್ಯುದಂಶ. ನಮ್ಮ ಭಾಷೆಯವರು ಇವಕ್ಕೆ ಧನ, ಋಣ ಎಂದು ಹೆಸರಿಟ್ಟದ್ದು ಎಷ್ಟು ಸೊಗಸು ನೋಡಿ! ಅಂಗಡಿಯ ಲೆಕ್ಕದಲ್ಲಿ ಒಂದು ಕಡೆ ಜಮಾ ಆದರೆ ಮತ್ತೊಂದು ಕಡೆ ಖರ್ಚು ಬೀಳಲೇಬೇಕು. ವಿದ್ಯುದಂಶದಲ್ಲಿಯೂ ಹಾಗೆಯೇ. ಲೋಕದ ಯಾವ ಮೂಲೆಯಲ್ಲಿಯೇ ಆಗಲಿ ಧನಾಂಶವೊಂದು ಹೊಸದಾಗಿ ಕಾಣಿಸಿಕೊಂಡರೆ ಅಷ್ಟೇ ಋಣಾಂಶವೂ ಕಾಣಿಸಿಕೊಳ್ಳಬೇಕು. ಒಟ್ಟು ಶಿಲ್ಕು ಬದಲಾಗುವುದಿಲ್ಲ. ಇದಕ್ಕೆ ತಪ್ಪಿದ ನಿದರ್ಶನ ಇದುವರೆಗೂ ಕಂಡುಬಂದಿಲ್ಲ.

ಒಂದೇ ಜಾತಿಯ ಅಂಶಗಳು ಒಂದನ್ನೊಂದು ದೂಡುತ್ತವೆ, ಬೇರೆ ಜಾತಿಯವು ಸೆಳೆಯುತ್ತವೆ. ಎಷ್ಟು ಬಲದಿಂದ ಎಂಬುದನ್ನು ೧೭೮೫ರಲ್ಲಿ ಫ್ರಾನ್ಸಿನ ಕೂಲಂಬ್ ಅಳೆದು ತೋರಿಸಿದರು. ಅವರೂ ವೃತ್ತಿಯಿಂದ ಎಂಜಿನಿಯರು. ಸೈನ್ಯದಲ್ಲಿದ್ದು ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿದವರು. ಸಣ್ಣ ಬೆಳ್ಳಿಯ ತಂತಿಯಿಂದ ಒಂದು ಕಡ್ಡಿಯನ್ನು ತೂಗುಬಿಟ್ಟು, ಅದರ ತುದಿಯಲ್ಲಿ ಬೆಂಡಿನ ಗುಂಡನ್ನು ಸಿಕ್ಕಿಸಿ, ಅದರ ಹತ್ತಿರ ಇನ್ನೊಂದು ಗುಂಡನ್ನು ತಂದು, ತಂತಿ ಎಷ್ಟು ತಿರುಚಿಕೊಂಡಿತೆಂಬುದರಿಂದ ಬಲವನ್ನು ತಿಳಿದರು. ದೂರ ಎರಡರಷ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ಮೂರರಷ್ಟಾದರೆ ಒಂಬತ್ತನೆಯ ಒಂದು ಭಾಗಕ್ಕೆ. ಈ ಬಲ ಸಾಮಾನ್ಯವಾದುದಲ್ಲ. ಜಲಜನಕದ ಪರಮಾಣುವಿನಲ್ಲಿ ಪ್ರೋಟಾನು ಎಲೆಕ್ಟ್ರಾನುಗಳ ನಡುವೆ ಗುರುತ್ವಾಕರ್ಷಣೆಯೂ ಇದೆ, ವಿದ್ಯುದಾಕರ್ಷಣೆಯೂ ಇದೆ. ಎರಡನೆಯದು ಮೊದಲನೆಯದಕ್ಕಿಂತ ೨ರ ಮುಂದೆ ೩೯ ಸೊನ್ನೆ ಇಟ್ಟಷ್ಟು ಪಾಲು ಹೆಚ್ಚು. ಅಂಥ ಬಲ ನಮ್ಮ ಅನುಭವಕ್ಕೆ ಬಾರದೆ ಇರುವುದೇಕೆ? ಎಲ್ಲ ವಸ್ತುಗಳಲ್ಲಿಯೂ ಧನಋಣಗಳು ಸರಿಸಮವಾಗಿ ತೀರುವಳಿಯಾಗಿರುವುದರಿಂದ. ಎಲ್ಲೋ ಒಂದು ಚೂರು ವ್ಯತ್ಯಾಸ ಬಿದ್ದರೆ ಬಾಚಣಿಗೆ ಕಾಗದವನ್ನು ಎತ್ತುತ್ತದೆ, ಐಪ್ಪಸಿಯ ಮಳೆಯಲ್ಲಿ ಸಮುದ್ರದ ಮೇಲೆ ಮಿಂಚು ಹೊಡೆಯುತ್ತದೆ.

ಡಿರಾಕರ ಸಮೀಕರಣದಿಂದ ಒಂದು ವಿಚಿತ್ರ ಹೊರಬಿದ್ದಿತು. ಸೊನ್ನೆಗಿಂತ ಕಡಮೆ ಶಕ್ತಿಯ ಸ್ಥಾನಗಳೂ ಎಲೆಕ್ಟ್ರಾನಿಗೆ ಉಂಟೆಂದೂ, ಅವೆಲ್ಲ ಈಗಾಗಲೇ ತುಂಬಿಹೋಗಿವೆಯೆಂದೂ, ಅವುಗಳಲ್ಲೊಂದು ಖಾಲಿಯಾದರೆ ಆ ಖಾಲಿಯೇ ಧನಾಂಶದ ಕಣವಾಗಿ ಕಾಣುತ್ತದೆಯೆಂದೂ ಅವರು ಹೇಳಿದರು. ಮೇಲುನೋಟಕ್ಕೆ ಇದು ಒಗಟು. ಆದರೆ ಲೆಕ್ಕ ಬರೆಯುವವನಿಗೆ ಆಶ್ಚರ್ಯವೇನು? ಒಬ್ಬನ ಸಾಲದಿಂದ ಸಾವಿರ ರೂಪಾಯಿ ತೆಗೆದುಹಾಕಿದರೆ ಅವನಿಗೆ ಸಾವಿರ ರೂಪಾಯಿ ಬಂದಂತೆಯೇ. ಋಣ ಹೋದ ಜಾಗ ಧನ. ೧೯೩೨ರಲ್ಲಿ ಅಮೆರಿಕದ ಆಂಡರ್ಸನ್ ಅವರು ಆಕಾಶದಿಂದ ಬೀಳುವ ವಿಶ್ವಕಿರಣಗಳಲ್ಲಿ ಈ ಕಣವನ್ನು ಕಂಡೇಬಿಟ್ಟರು. ಅದಕ್ಕೆ ಪಾಸಿಟ್ರಾನ್ ಎಂದು ಹೆಸರಾಯಿತು.

ಎರಡು ಎಲೆಕ್ಟ್ರಾನುಗಳು ಡಿಕ್ಕಿಯಾದರೆ ಅವು ಪರಸ್ಪರ ದೂಡಿ ಯಾವ ಯಾವ ಕೋನದಲ್ಲಿ ಎಷ್ಟೆಷ್ಟು ಚದರುತ್ತವೆ ಎಂಬುದನ್ನು ಮಾಲರ್ ಎಂಬವರು ಲೆಕ್ಕ ಹಾಕಿಯಾಗಿತ್ತು. ಒಂದು ಎಲೆಕ್ಟ್ರಾನಿಗೂ ಇನ್ನೊಂದಕ್ಕೂ ಗುರುತಿನ ವ್ಯತ್ಯಾಸವೇ ಇಲ್ಲ. ಒಳಗೆ ಹೋದವು ಎರಡು, ಹೊರಗೆ ಬಂದವು ಎರಡು, ಯಾವುದು ಯಾವುದೆಂದು ಹೇಳಲಾಗದು. ಇದರಿಂದ ಲೆಕ್ಕದಲ್ಲಿ ಒಂದು ಹೆಚ್ಚಿನ ಬಾಬತ್ತು ಸೇರುತ್ತದೆ. ಭಾಭಾ ಅವರು ಕೇಳಿದ ಪ್ರಶ್ನೆ ಇದು: ಎಲೆಕ್ಟ್ರಾನಿಗೆ ಪಾಸಿಟ್ರಾನ್ ಎದುರಾದರೆ ಏನು? ಇವೆರಡೂ ಬೇರೆ ಬೇರೆ, ಒಂದು ಋಣ, ಒಂದು ಧನ, ಗುರುತು ಹಿಡಿಯಬಹುದು, ಆದ್ದರಿಂದ ಆ ಹೆಚ್ಚಿನ ಬಾಬತ್ತು ಬೇಡವೆನ್ನೋಣವೆ? ಅಥವಾ ಪಾಸಿಟ್ರಾನ್ ಎಂಬುದು ನಿಜವಾಗಿ ಎಲೆಕ್ಟ್ರಾನಿನ ಖಾಲಿ ಜಾಗವೇ ಆಗಿದ್ದರೆ ಆ ಬಾಬತ್ತು ಬೇರೊಂದು ರೂಪದಲ್ಲಿ ಬರಲೇಬೇಕಲ್ಲವೆ? ಬರಬೇಕೆಂದು ಭಾಭಾ ತೋರಿಸಿದರು. ಎರಡು ಕಣಗಳೂ ಕೂಲಂಬರ ಬಲದಿಂದ ಸೆಳೆದುಕೊಂಡು ದಿಕ್ಕು ಬದಲಿಸಿ ಹೋಗುವುದು ಒಂದು ಬಗೆ. ಎರಡೂ ಕೂಡಿ ಅಳಿದು, ಖಾತೆ ಸೊನ್ನೆಯಾಗಿ, ಆ ಶಕ್ತಿಯಿಂದ ಮತ್ತೆ ಒಂದು ಹೊಸ ಜೋಡಿ ಹುಟ್ಟಿ ಹೊರಬರುವುದು ಇನ್ನೊಂದು ಬಗೆ. ನೋಡುವವನಿಗೆ ಇದೂ ಚದರಿದಂತೆಯೇ ಕಾಣುತ್ತದೆ. ಇವೆರಡನ್ನೂ ಸೇರಿಸಿ ಬರೆದಾಗಲೇ ಲೆಕ್ಕ ತಾಳೆಯಾಗುತ್ತದೆ. ೧೯೩೫ರಲ್ಲಿ ಮುಗಿಸಿದ ಈ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿ ೧೯೩೬ರಲ್ಲಿ ಪ್ರಕಟಿಸಿತು. ಎಲೆಕ್ಟ್ರಾನು ಪಾಸಿಟ್ರಾನುಗಳ ಈ ಚದರಿಕೆಗೆ ಇಂದಿಗೂ ಜಗತ್ತಿನಾದ್ಯಂತ ಭಾಭಾ ಚದರಿಕೆಯೆಂದೇ ಹೆಸರು.

ಮರುವರ್ಷ, ೧೯೩೭ರಲ್ಲಿ, ಹೈಟ್ಲರ್ ಎಂಬವರೊಡನೆ ಸೇರಿ ಮತ್ತೊಂದು ದೊಡ್ಡ ಕೆಲಸ ಮಾಡಿದರು. ಮಹಾವೇಗದ ಎಲೆಕ್ಟ್ರಾನೊಂದು ಆಕಾಶದಿಂದ ಬಂದು ಗಾಳಿಯ ಪರಮಾಣುವಿನ ನಡುಗೂಡಿನ ಹತ್ತಿರ ಹಾಯುವಾಗ ಅಲ್ಲಿಯ ಧನಾಂಶವು ಅದನ್ನು ಸೆಳೆದು ಬಾಗಿಸುತ್ತದೆ. ಬಾಗುವಾಗ ಅದು ಬೆಳಕಿನ ಕಣವನ್ನು ಚೆಲ್ಲುತ್ತದೆ. ಆ ಬೆಳಕು ಮತ್ತೊಂದು ನಡುಗೂಡಿನ ಹತ್ತಿರ ಎಲೆಕ್ಟ್ರಾನು ಪಾಸಿಟ್ರಾನುಗಳ ಜೋಡಿಯಾಗಿ ಒಡೆಯುತ್ತದೆ. ಆ ಎರಡೂ ಮತ್ತೆ ಹಾಗೆಯೇ. ಒಂದು ಎರಡಾಗಿ, ಎರಡು ನಾಲ್ಕಾಗಿ ಚಕ್ರಬಡ್ಡಿಯಂತೆ ಸಂಖ್ಯೆ ಬೆಳೆಯುತ್ತದೆ, ಆದರೆ ಬಂಡವಾಳ ಮಾತ್ರ ಹಂಚಿ ಹಂಚಿ ಕರಗುತ್ತದೆ. ವಿಶ್ವಕಿರಣಗಳ ಜಡಿಮಳೆ ಹೀಗೆ ಉಂಟಾಗುತ್ತದೆಂದು ಇಬ್ಬರೂ ವಿವರಿಸಿದರು. ಅಮೆರಿಕದ ಕಾರ್ಲ್‌ಸನ್, ಆಪನ್‌ಹೈಮರ್ ಇವರೂ ಅದೇ ಸಮಯಕ್ಕೆ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದಿದ್ದರು. ಎಲೆಕ್ಟ್ರಾನಿಗಿಂತ ಭಾರವಾದ ಒಂದು ಕಣ ಆಗ ವಿಶ್ವಕಿರಣಗಳಲ್ಲಿ ಸಿಕ್ಕಿತ್ತು. ಮೆಸೊಟ್ರಾನ್ ಎಂದು ಕರೆಯುತ್ತಿದ್ದ ಅದಕ್ಕೆ ಮೆಸಾನ್ ಎನ್ನುವುದೇ ಸಾಧುವೆಂದು ವ್ಯಾಕರಣ ತೆಗೆದವರಲ್ಲಿ ಭಾಭಾ ಒಬ್ಬರು.

೧೯೩೯ರಲ್ಲಿ ರಜಕ್ಕೆಂದು ಊರಿಗೆ ಬಂದರು. ಸೆಪ್ಟೆಂಬರಿನಲ್ಲಿ ಯೂರೋಪಿನಲ್ಲಿ ಯುದ್ಧ ಹತ್ತಿಕೊಂಡಿತು. ಕೇಂಬ್ರಿಜ್ಜಿಗೆ ಮರಳುವ ದಾರಿ ಮುಚ್ಚಿತು. ಆಗ ಬೆಂಗಳೂರಿನ ವಿಜ್ಞಾನ ಮಂದಿರದ ಭೌತಶಾಸ್ತ್ರ ವಿಭಾಗದಲ್ಲಿ ಸರ್ ಸಿ. ವಿ. ರಾಮನ್ ಇದ್ದರು. ಅಲ್ಲಿ ರೀಡರ್ ಹುದ್ದೆ ದೊರೆಯಿತು. ದೊರಾಬ್‌ಜಿ ಟಾಟಾ ಟ್ರಸ್ಟಿನ ನೆರವಿನಿಂದ ವಿಶ್ವಕಿರಣ ಸಂಶೋಧನೆಯ ಒಂದು ಘಟಕವೂ ಏರ್ಪಟ್ಟಿತು. ತಾತ ಅಧಿಕಾರಿಯಾಗಿದ್ದ ನಾಡಿಗೆ, ಅತ್ತೆಯ ಮಾವ ಕಟ್ಟಿಸಬಯಸಿದ ಸಂಸ್ಥೆಗೆ, ಮೊಮ್ಮಗ ಹೀಗೆ ಬಂದು ಸೇರಿದ್ದು ವಿಧಿಯ ವಿಲಾಸವೆನ್ನಬೇಕು.

ವಿಶ್ವಕಿರಣ ನೋಡುವವರಿಗೆ ಬೆಂಗಳೂರು ಬಹು ಒಳ್ಳೆಯ ಸ್ಥಳ. ಕಾರಣ ಮತ್ತೆ ವಿದ್ಯುದಂಶವೇ. ಭೂಮಿ ಒಂದು ದೊಡ್ಡ ಅಯಸ್ಕಾಂತ. ಆಕಾಶದಿಂದ ಬರುವ ಕಣಗಳಲ್ಲಿ ವಿದ್ಯುದಂಶ ಇರುವುದರಿಂದ ಆ ಅಯಸ್ಕಾಂತವು ಅವನ್ನು ಪಕ್ಕಕ್ಕೆ ತಳ್ಳುತ್ತದೆ. ಧ್ರುವಗಳ ಬಳಿ ದುರ್ಬಲ ಕಣಗಳೂ ಇಳಿದುಬರಬಲ್ಲವು. ಅಯಸ್ಕಾಂತದ ಸಮಭಾಜಕ ವೃತ್ತದ ಹತ್ತಿರ ಮಹಾಶಕ್ತಿಯುಳ್ಳವಕ್ಕೆ ಮಾತ್ರ ಪ್ರವೇಶ. ಆ ವೃತ್ತವು ನಮ್ಮ ದೇಶದ ದಕ್ಷಿಣ ತುದಿಯ ಬಳಿಯೇ ಹಾಯುತ್ತದೆ. ಬೆಂಗಳೂರಿನ ಕಾಂತ ಅಕ್ಷಾಂಶ ಆಗಿನ ಲೆಕ್ಕದಲ್ಲಿ ಮೂರು ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಾವಿರುವ ಚೆನ್ನೈಯೂ ಬೆಂಗಳೂರೂ ಭೂಗೋಳದಲ್ಲಿ ಹೆಚ್ಚುಕಡಮೆ ಒಂದೇ ಅಕ್ಷಾಂಶದಲ್ಲಿರುವುದರಿಂದ ಈ ಜರಡಿ ನಮ್ಮ ನೆತ್ತಿಯ ಮೇಲೂ ಇದೆಯೆಂದು ತಿಳಿಯಬಹುದು. ಎಣ್ಣೆಯ ಹನಿಗಳನ್ನು ವಿದ್ಯುತ್ ತಟ್ಟೆಗಳ ನಡುವೆ ತೇಲಿಸಿ ಎಲೆಕ್ಟ್ರಾನಿನ ವಿದ್ಯುದಂಶ ಇಷ್ಟೇ ಎಂದು ಅಳೆದು ನೊಬೆಲ್ ಬಹುಮಾನ ಪಡೆದ ಅಮೆರಿಕದ ಮಿಲಿಕನ್ ಅವರು ೧೯೪೦ರ ಸುಮಾರಿಗೆ ಬೆಂಗಳೂರಿನಿಂದ ಬೆಲೂನುಗಳನ್ನು ಹಾರಿಸಿ ವಿಶ್ವಕಿರಣಗಳನ್ನು ಅಳೆದದ್ದು ಇದೇ ಕಾರಣಕ್ಕೆ. ಭಾಭಾ ಅವರೂ ಸುಮ್ಮನೆ ಕಾಗದದ ಮೇಲಿನ ಗಣಿತಕ್ಕೆ ನಿಲ್ಲಲಿಲ್ಲ. ತಮ್ಮ ತರುಣ ಸಹಾಯಕರಿಂದ ಗೈಗರ್ ಎಣಿಕೆಯ ಯಂತ್ರಗಳನ್ನು ಮಾಡಿಸಿ, ಯುದ್ಧಕಾಲದಲ್ಲಿ ಬೆಂಗಳೂರಿನಲ್ಲಿದ್ದ ಅಮೆರಿಕದ ವಾಯುಪಡೆಯ ವಿಮಾನದಲ್ಲಿ ಅವನ್ನು ಏರಿಸಿ, ೩೦,೦೦೦ ಅಡಿಯ ಎತ್ತರದವರೆಗೆ ಮೆಸಾನುಗಳನ್ನು ಎಣಿಸಿದರು.

ಬೆಂಗಳೂರಿನ ಆ ಐದಾರು ವರ್ಷಗಳಲ್ಲಿ ಬಂದ ಗೌರವಗಳು ಹಲವು. ೧೯೪೧ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ರಾಯಲ್ ಸೊಸೈಟಿಯ ಸದಸ್ಯತ್ವ. ೧೯೪೨ರಲ್ಲಿ ಕೇಂಬ್ರಿಜ್ಜಿನ ಆಡಮ್ಸ್ ಬಹುಮಾನ. ಹೊಗಳಿಕೆಯಲ್ಲಿ ಧಾರಾಳಿಯಲ್ಲದ ರಾಮನ್ ಅವರೇ ಒಂದು ಸಭೆಯಲ್ಲಿ ಭಾಭಾ ಅವರನ್ನು ಇಟಲಿಯ ಲಿಯೊನಾರ್ಡೊಗೆ ಹೋಲಿಸಿದರು. ಭಾಭಾ ರಾಮನ್ನರ ಚಿತ್ರವನ್ನು ಬರೆದರು. ವಿಕ್ರಮ ಸಾರಾಭಾಯಿ ಅಲ್ಲಿಯೇ ಸಂಶೋಧನೆಗೆ ನಿಂತಿದ್ದರು. ಗಣಿತಲೋಕದಲ್ಲಿ ಮುಂದೆ ಮೇರುವಾದ ಹರೀಶ್‌ಚಂದ್ರರು ಅಲ್ಲಿಗೇ ಬಂದು ಭಾಭಾ ಅವರೊಡನೆ ದುಡಿದರು. ಆ ದಿನಗಳಲ್ಲಿಯೇ ಭಾಭಾ ಮದರಾಸಿಗೆ ಬಂದು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೆಸಾನುಗಳ ಮೇಲೆ ಮಾಡಿದ ಉಪನ್ಯಾಸವನ್ನು ಅಲ್ಲಾಡಿ ರಾಮಕೃಷ್ಣನ್ ಎಂಬ ತರುಣರು ಕೇಳಿದರು. ಪ್ರಸಿದ್ಧ ವಕೀಲರಾದ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರ ಮಗ. ಕಾನೂನು ಬಿಟ್ಟು ಭೌತಶಾಸ್ತ್ರಕ್ಕೆ ತಿರುಗಿದರು. ೧೯೬೨ರಲ್ಲಿ ಈ ಊರಿನಲ್ಲಿ ಗಣಿತ ವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಿದವರು ಅವರೇ. ತರಮಣಿಯಲ್ಲಿ ಇಂದು ನಾವು ಕಾಣುವ ಆ ಸಂಸ್ಥೆಗೆ ಬೀಜ ಬಿದ್ದದ್ದು ಬೆಂಗಳೂರಿನಿಂದ ಬಂದ ಒಬ್ಬ ಉಪನ್ಯಾಸಕರ ಒಂದು ಸಂಜೆಯ ಮಾತಿನಿಂದ ಎನ್ನಬಹುದು.

ಯುದ್ಧ ಮುಗಿದೊಡನೆ ವಿಲಾಯತಿಗೆ ಮರಳಬೇಕೆಂಬುದೇ ಭಾಭಾ ಅವರ ಮೊದಲಿನ ಎಣಿಕೆ. ಅಲ್ಲಿ ಸಮಾನಸ್ಕಂಧರು, ಒಳ್ಳೆಯ ಪ್ರಯೋಗಶಾಲೆಗಳು, ಸಂಗೀತ, ಚಿತ್ರಶಾಲೆ. ಇಲ್ಲಿ ಒಂಟಿತನ. ಬಹುಕಾಲ ಮನಸ್ಸು ಹೊಯ್ದಾಡಿತು. ಕಡೆಗೆ, ತಕ್ಕ ಆದರ, ತಕ್ಕ ಸೌಕರ್ಯ ದೊರೆಯುವುದಾದರೆ ತಮ್ಮ ನಾಡಿನಲ್ಲಿಯೇ ನಿಂತು ಬೇರೆ ದೇಶಗಳಲ್ಲಿರುವಂಥ ವಿದ್ಯಾಸ್ಥಾನವನ್ನು ಕಟ್ಟುವುದೇ ಕರ್ತವ್ಯವೆಂಬ ತೀರ್ಮಾನಕ್ಕೆ ಬಂದರು. ೧೯೪೪ರ ಮಾರ್ಚ್ ೧೨ರಂದು ಟಾಟಾ ಟ್ರಸ್ಟಿನ ಅಧ್ಯಕ್ಷರಿಗೆ ಕಾಗದ ಬರೆದು, ಮೂಲವಿಜ್ಞಾನದ ಸಂಸ್ಥೆಯೊಂದಕ್ಕೆ ಹಣ ಬೇಡಿದರು. ಇನ್ನು ಇಪ್ಪತ್ತು ವರ್ಷಗಳೊಳಗಾಗಿ ಪರಮಾಣುವಿನಿಂದ ವಿದ್ಯುತ್ತು ಬರುವ ಕಾಲಕ್ಕೆ ಪರಿಣತರಿಗಾಗಿ ಹೊರದೇಶದ ಕಡೆ ನೋಡುವ ಅವಶ್ಯಕತೆ ಇಂಡಿಯಾಕ್ಕೆ ಬರಬಾರದೆಂಬುದು ಅದರಲ್ಲಿದ್ದ ಒಂದು ಮುಖ್ಯ ಮಾತು. ಹಿರೋಷಿಮಾದ ಮೇಲೆ ಬಾಂಬು ಬಿದ್ದು ಜನಕ್ಕೆ ಪರಮಾಣುವಿನ ಹೆಸರು ತಿಳಿದದ್ದು ಅದಾದ ಹದಿನೇಳು ತಿಂಗಳ ಮೇಲೆ ಎಂಬುದನ್ನು ನೆನೆದರೆ ಅವರ ದೂರದೃಷ್ಟಿ ಬೆರಗುಗೊಳಿಸುತ್ತದೆ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ೧೯೪೫ರ ಜೂನ್ ೧ರಂದು ಬೆಂಗಳೂರಿನ ವಿಜ್ಞಾನ ಮಂದಿರದ ಆವರಣದಲ್ಲಿಯೇ ಆರಂಭವಾಯಿತು. ಆದರೆ ಅದೇ ವರ್ಷ ಡಿಸೆಂಬರ್ ವೇಳೆಗೆ ಮುಂಬಯಿಗೆ ಹೋಯಿತು. ಮುಂಬಯಿ ಸರ್ಕಾರ ನೆರವು ನೀಡಲು ಮುಂದೆ ಬಂದಿತ್ತು, ಭಾಭಾ ಅವರ ತವರೂ ಅದೇ ಆಗಿತ್ತು, ಕಾರಣಗಳೆಲ್ಲ ಸರಿಯೇ. ಆದರೂ ತೊಟ್ಟಿಲು ನಮ್ಮ ಮನೆಯಲ್ಲಿ ಕಟ್ಟಿ, ನಾಮಕರಣಕ್ಕೆ ಮುಂಚೆ ಮಗುವನ್ನು ಎತ್ತಿಕೊಂಡು ಹೋದಂತೆ ಕನ್ನಡಿಗನಿಗೆ ಒಂದಿಷ್ಟು ಚುರುಕ್ಕೆನ್ನುವುದು ತಪ್ಪಲ್ಲ.

ಮುಂದಿನ ಇಪ್ಪತ್ತು ವರ್ಷಗಳ ಕಥೆ ಎಲ್ಲರೂ ಬಲ್ಲದ್ದು. ೧೯೪೮ರಲ್ಲಿ ಪರಮಾಣು ಶಕ್ತಿ ಆಯೋಗ, ಅದಕ್ಕೆ ಭಾಭಾ ಅಧ್ಯಕ್ಷರು. ೧೯೫೫ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವಸಂಸ್ಥೆಯ ಪರಮ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು. ೧೯೫೬ರ ಆಗಸ್ಟ್ ೪ರಂದು ಅಪ್ಸರಾ ರಿಯಾಕ್ಟರು ತ್ರಾಂಬೆಯಲ್ಲಿ ಹೊತ್ತಿಕೊಂಡಿತು. ಎಲ್ಲರೂ ಮೆಚ್ಚಿದರೆಂದಲ್ಲ. ಸಂಶೋಧನೆಯ ಹಣವೂ ಪ್ರತಿಭೆಯೂ ವಿಶ್ವವಿದ್ಯಾನಿಲಯಗಳಲ್ಲಿಯೇ ಉಳಿಯಬೇಕೆಂಬ ವಾದ ಮೇಘನಾದ ಸಾಹಾ ಅವರಂಥ ಹಿರಿಯರದಾಗಿತ್ತು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳ ಸ್ಥಿತಿಯನ್ನು ನೋಡಿದರೆ ಆ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಭಾಭಾ ಅವರು ಮದುವೆಯಾಗಲಿಲ್ಲ. ಕಟ್ಟಡ ಕಟ್ಟುವಾಗ ಮರ ಕಡಿಯಲು ಬಿಡುತ್ತಿರಲಿಲ್ಲ. ಗೋಡೆಗೆ ಯಾವ ಚಿತ್ರ ತೂಗಬೇಕೆಂಬುದನ್ನು ತಾವೇ ನೋಡುತ್ತಿದ್ದರು.

ಮುಂಬಯಿಗೆ ಹೋದ ಮೇಲೂ ಕನ್ನಡ ನೆಲದ ನಂಟು ಬಿಡಲಿಲ್ಲ. ಅದನ್ನು ಉಳಿಸಿದ್ದು ಕೋಲಾರದ ಚಿನ್ನದ ಗಣಿ. ನೆಲದೊಳಗೆ ಇಳಿದಷ್ಟೂ ಮೇಲಿನ ಬಂಡೆ ವಿಶ್ವಕಿರಣಗಳನ್ನು ತಡೆಯುತ್ತದೆ. ಎಷ್ಟು ಆಳಕ್ಕೆ ಎಷ್ಟು ಕಣ ತಲಪುತ್ತವೆಂದು ಎಣಿಸಲು ಅಷ್ಟು ಆಳದ ಗಣಿ ಜಗತ್ತಿನಲ್ಲಿ ಅಪರೂಪ. ಈ ಕೆಲಸಕ್ಕೆ ಭಾಭಾ ಅವರು ತೊಡಗಿಸಿದವರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಪ್ರಮುಖರು. ಅವರು ೧೯೫೦ರ ದಶಕದ ಮೊದಲಲ್ಲಿಯೇ ಗಣಿಗೆ ಇಳಿದರು. ಮುಂದೆ ಟಾಟಾ ಸಂಸ್ಥೆಯ ನಿರ್ದೇಶಕರೂ ಆದರು. ೧೯೬೫ರಲ್ಲಿ ಆ ಗಣಿಯೊಳಗೆ ಸುಮಾರು ೭,೬೦೦ ಅಡಿಯ ಆಳದಲ್ಲಿ ಒಂದು ಮಹತ್ಕಾರ್ಯ ನಡೆಯಿತು. ನ್ಯೂಟ್ರಿನೊ ಎಂಬ ಕಣಕ್ಕೆ ಧನವೂ ಇಲ್ಲ ಋಣವೂ ಇಲ್ಲ. ಕೂಲಂಬರ ಬಲ ಅದನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಇಡೀ ಭೂಮಿಯನ್ನೇ ತೂರಿಕೊಂಡು ಹೋಗುತ್ತದೆ. ಅಪರೂಪಕ್ಕೊಮ್ಮೆ ಬಂಡೆಯಲ್ಲಿ ತಾಗಿ ವಿದ್ಯುದಂಶವುಳ್ಳ ಮ್ಯುಆನ್ ಒಂದನ್ನು ಹೊರಡಿಸಿದರೆ ಮಾತ್ರ ಅದರ ಸುಳಿವು. ನಮ್ಮ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಆ ಸುಳಿವನ್ನು ಮೊಟ್ಟಮೊದಲು ಕಂಡವರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಂ ಇವುಗಳ ಕೋಲಾರದ ತಂಡ ಸೇರಿದೆ. ಕನ್ನಡನಾಡಿನ ನೆಲ, ಗಣಿಯಲ್ಲಿ ದುಡಿದವರಲ್ಲಿ ಎಷ್ಟೋ ಮಂದಿ ತಮಿಳರು. ನಮ್ಮ ನೆರೆಹೊರೆಯಲ್ಲಿಯೇ ಕೋಲಾರದ ಗಣಿಯಿಂದ ಬಂದ ಮನೆಗಳಿವೆ. ಗಣಿ ೨೦೦೧ರಲ್ಲಿ ಮುಚ್ಚಿತು.

ಆ ಫಲವನ್ನು ಕಂಡ ಕೆಲವೇ ತಿಂಗಳಲ್ಲಿ ಭಾಭಾ ಇಲ್ಲವಾದರು. ಲಾಲ್ ಬಹಾದೂರ್ ಶಾಸ್ತ್ರಿಗಳ ಮರಣದಿಂದ ದೇಶ ಇನ್ನೂ ಚೇತರಿಸಿಕೊಂಡಿರಲಿಲ್ಲ. ೧೯೬೬ರ ಜನವರಿ ೨೪ರಂದು, ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಅವರಿದ್ದ ಏರ್ ಇಂಡಿಯಾದ ಕಾಂಚನಜಂಗಾ ವಿಮಾನವು ಆಲ್ಪ್ಸಿನ ಮಾಂಟ್ ಬ್ಲಾಂಕ್ ಶಿಖರಕ್ಕೆ ಬಡಿಯಿತು. ೧೧೭ ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಭಾಭಾ ಅವರಿಗೆ ಆಗ ಐವತ್ತಾರು. ತ್ರಾಂಬೆಯ ಕೇಂದ್ರಕ್ಕೆ ೧೯೬೭ರಲ್ಲಿ ಅವರ ಹೆಸರನ್ನಿಟ್ಟರು. ತಾಯಿ ಮೆಹರ್, ತಂದೆ ಜಹಾಂಗೀರ್ ಎರಡೂ ಹೆಸರು ಕೂಡಿಸಿ ಮೆಹರಂಗೀರ್ ಎಂದು ಕರೆದಿದ್ದ ಮಲಬಾರ್ ಹಿಲ್ಲಿನ ಮನೆ ೨೦೧೪ರಲ್ಲಿ ೩೭೨ ಕೋಟಿ ರೂಪಾಯಿಗೆ ಹರಾಜಾಯಿತು. ವಸ್ತುಸಂಗ್ರಹಾಲಯ ಮಾಡಬೇಕೆಂದು ಕೇಳಿದವರಿದ್ದರು, ಆಗಲಿಲ್ಲ, ಕೆಡವಿದರು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಜಿನೀವಾದ ಬಳಿ ೨೭ ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ೧೯೮೯ರಿಂದ ೨೦೦೦ದವರೆಗೆ ಎಲೆಕ್ಟ್ರಾನುಗಳನ್ನೂ ಪಾಸಿಟ್ರಾನುಗಳನ್ನೂ ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುವ ಯಂತ್ರವೊಂದಿತ್ತು. ಅಲ್ಲಿ ಒಟ್ಟು ವಹಿವಾಟು ಎಷ್ಟೆಂದು ತಿಳಿಯಲು ಅವರು ಎಣಿಸುತ್ತಿದ್ದದ್ದು ಸಣ್ಣ ಕೋನದಲ್ಲಿ ಚದರಿದ ಭಾಭಾ ಜೋಡಿಗಳನ್ನು. ಅದೇ ಅವರ ಅಸಲು ರಿಜಿಸ್ಟರು. ಅದರ ಆಧಾರದ ಮೇಲೆ ಲೋಕದಲ್ಲಿ ಹಗುರವಾದ ನ್ಯೂಟ್ರಿನೊಗಳ ಜಾತಿ ಎಷ್ಟೆಂದು ಲೆಕ್ಕ ತೆಗೆದರೆ ೨.೯೮೪ ಬಂದಿತ್ತು. ಮೂರು ಬರಬೇಕು, ಅಷ್ಟು ಕೊರೆ ಏಕೆಂದು ಹಲವರಿಗೆ ಕಿರಿಕಿರಿ. ಯಂತ್ರ ನಿಂತು ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ, ೨೦೧೯-೨೦ರಲ್ಲಿ, ಹಳೆಯ ಎಣಿಕೆಯನ್ನು ಮತ್ತೆ ಬಿಚ್ಚಿ, ಕಿಕ್ಕಿರಿದ ಕಣಗುಂಪುಗಳ ವಿದ್ಯುದ್ಬಲವು ಹೊರಬರುವ ಜೋಡಿಗಳನ್ನು ಒಂದಿಷ್ಟು ಬಾಗಿಸುತ್ತಿದ್ದುದನ್ನು ಕಂಡುಹಿಡಿದು, ಭಾಭಾ ಚದರಿಕೆಯ ಲೆಕ್ಕವನ್ನೂ ಇನ್ನಷ್ಟು ಸೂಕ್ಷ್ಮವಾಗಿ ಮಾಡಿದರು. ಈಗ ೨.೯೯೬ ಬರುತ್ತದೆ.